ಲಾಭಾಂಶವೂ ಪ್ರಶ್ನೆಯೂ

(ಮುಂಬಯಿ ಕನ್ನಡಿಗರ ವಿಚಾರಗೋಷ್ಠಿಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೊರನಾಡಿನ ಕನ್ನಡ ಸಂಘಗಳ ವೇದಿಕೆಗಳಲ್ಲಿ ಸಾಹಿತ್ಯ, ರಂಗಭೂಮಿ, ಗಡಿ, ಭಾಷೆ, ಶಾಲೆಗಳ ಪ್ರಶ್ನೆ ಇವು ಚರ್ಚೆಗೆ ಬರುವುದು ವಾಡಿಕೆ. ಹಣದ ಮಾತು ಬರುವುದಿಲ್ಲ. ಸರಸ್ವತಿಯ ಮುಂದೆ ಲಕ್ಷ್ಮಿಯ ಹೆಸರೆತ್ತುವುದು ಸಲ್ಲದೆಂಬ ಸಂಕೋಚವೊಂದು ನಮ್ಮಲ್ಲಿದೆ. ಆದರೆ ಸಭೆ ಮುಗಿದು ಚಹದ ಲೋಟ ಹಿಡಿದು ಮೊಗಸಾಲೆಗೆ ಬಂದೊಡನೆ ಮಾತು ಎತ್ತ ಹೊರಳುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಯಾವ ಕಂಪೆನಿ ಎಷ್ಟು ಡಿವಿಡೆಂಡ್ ಕೊಟ್ಟಿತು, ಯಾವ ಬ್ಯಾಂಕಿನ ಷೇರು ಹಿಡಿದುಕೊಳ್ಳಬೇಕು, ನಿವೃತ್ತಿಯ ಹಣವನ್ನು ಎಲ್ಲಿಟ್ಟರೆ ವರ್ಷಕ್ಕೊಮ್ಮೆ ತಪ್ಪದೆ ಕೈಗೆ ಬಂದೀತು ಎಂಬ ವಿಚಾರಗಳನ್ನು ನಾವು ಅಲ್ಲಿ ಪಿಸುದನಿಯಲ್ಲಿ ವಿನಿಮಯ ಮಾಡಿಕೊಳ್ಳುತ್ತೇವೆ. ಮೊಗಸಾಲೆಯ ಆ ಮಾತನ್ನು ಒಂದು ಗಂಟೆಯ ಮಟ್ಟಿಗೆ ವೇದಿಕೆಗೆ ತರುವುದು ಇಂದಿನ ನನ್ನ ಉದ್ದೇಶ. ಯಾವ ಷೇರು ಕೊಳ್ಳಬೇಕೆಂದು ಹೇಳಲು ನಾನು ಬಂದಿಲ್ಲ. ಅದಕ್ಕೆ ಬೇಕಾದ ಅರ್ಹತೆಯೂ ನನಗಿಲ್ಲ. ಹಣ ಹೂಡುವ ನಾವು ನಮ್ಮ ನಮ್ಮಲ್ಲಿ ಹೇಗೆ ಮಾತನಾಡುತ್ತೇವೆ, ಹೇಗೆ ಮಾತನಾಡಬೇಕು ಎಂಬುದಷ್ಟೆ ನನ್ನ ವಿಷಯ.

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ನಾವು ಎರಡು ಎಳೆಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ಒಂದು ದುಡಿಮೆಯ ಎಳೆ. ಹೋಟೆಲಿನಲ್ಲಿ ಹಗಲು ದುಡಿದು, ಕೋಟೆ ಪ್ರದೇಶದ ರಾತ್ರಿ ಶಾಲೆಗಳಲ್ಲಿ ಓದಿ, ಕಚೇರಿ ಸೇರಿದವರ ಕಥೆ ಅದು. ಇನ್ನೊಂದು ಸಂಸ್ಕೃತಿಯ ಎಳೆ. ಸಂಘ ಕಟ್ಟಿದ, ನಾಟಕ ಆಡಿದ, ಯಕ್ಷಗಾನವನ್ನು ಉಳಿಸಿದ ಕಥೆ. ಇವೆರಡರ ನಡುವೆ ಮೂರನೆಯದೊಂದು ಎಳೆಯಿದೆ, ಅದು ಉಳಿತಾಯದ್ದು. 1906ರಲ್ಲಿ ಇದೇ ನಗರದಲ್ಲಿ ಚಿತ್ರಾಪುರ ಸಾರಸ್ವತ ಸಮಾಜದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರು ಶ್ಯಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಸ್ಥೆಯೊಂದನ್ನು ಆರಂಭಿಸಿದರು. ಶ್ಯಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕು ಹುಟ್ಟಿದ್ದು ಹಾಗೆ. ಅದೇ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೂ, ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೂ ಬುನಾದಿ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮುಂಬಯಿಯಲ್ಲಿ ಬಿಲ್ಲವರ ಅಸೋಸಿಯೇಶನ್ನಿನ ಪ್ರಯತ್ನದಿಂದ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ತಲೆಯೆತ್ತಿತು. ಕರಾವಳಿಯ ಮನುಷ್ಯನಿಗೆ ಬ್ಯಾಂಕಿನ ಷೇರು ಪತ್ರ ಎಂದರೆ ಬರಿಯ ಕಾಗದವಾಗಿರಲಿಲ್ಲ. ಊರಿನ ಗೌರವದಲ್ಲಿ ತನಗೂ ಒಂದು ಪಾಲಿದೆ ಎಂಬುದರ ಸಾಕ್ಷಿಯಾಗಿ ಅವನು ಅದನ್ನು ಕಾಪಿಟ್ಟುಕೊಂಡ.

ಇದು ಅಭಿಮಾನ ಪಡಬೇಕಾದ ಪರಂಪರೆ. ಆದರೆ ಈ ಅಭಿಮಾನದಲ್ಲೇ ಒಂದು ತೊಡಕೂ ಅಡಗಿದೆ. ನಮ್ಮವರು ಕಟ್ಟಿದ್ದು, ನಮ್ಮವರು ನಡೆಸುವುದು ಎಂದ ಮೇಲೆ ಪ್ರಶ್ನೆ ಕೇಳುವುದು ಅವಿನಯವೆನಿಸುತ್ತದೆ. ಹಿರಿಯರ ಎದುರು ಲೆಕ್ಕ ಕೇಳುವುದು ಮನೆಯ ಮರ್ಯಾದೆಗೆ ಕುಂದು ಎಂಬ ಭಾವನೆಯನ್ನು ನಾವು ಬ್ಯಾಂಕಿನವರೆಗೂ, ಕಂಪೆನಿಯವರೆಗೂ, ಸಂಘದವರೆಗೂ ಕೊಂಡೊಯ್ದಿದ್ದೇವೆ. ಡಿವಿಡೆಂಡ್ ತಪ್ಪದೆ ಬರುತ್ತಿದ್ದರಂತೂ ಪ್ರಶ್ನೆ ಹುಟ್ಟುವುದೇ ಇಲ್ಲ.

ಮೊದಲು ಡಿವಿಡೆಂಡ್ ಎಂಬುದರ ಬಗೆಗೇ ನಮ್ಮಲ್ಲಿರುವ ಒಂದೆರಡು ಭ್ರಮೆಗಳನ್ನು ನೋಡೋಣ. ಒಂದು ಕಂಪೆನಿ ನೂರು ಶೇಕಡಾ ಡಿವಿಡೆಂಡ್ ಘೋಷಿಸಿತು ಎಂಬ ಸುದ್ದಿ ಬಂದರೆ ಹಣ ಇಮ್ಮಡಿಯಾಯಿತೆಂದು ಹಿಗ್ಗುವವರಿದ್ದಾರೆ. ಆ ಶೇಕಡಾ ಲೆಕ್ಕ ಷೇರಿನ ಮುಖಬೆಲೆಯ ಮೇಲಿನದು. ಮುಖಬೆಲೆ 10 ರೂಪಾಯಿ ಇದ್ದರೆ ನೂರು ಶೇಕಡಾ ಎಂದರೆ 10 ರೂಪಾಯಿ. ಆ ಷೇರನ್ನು ನಾವು ಪೇಟೆಯಲ್ಲಿ 500 ರೂಪಾಯಿಗೆ ಕೊಂಡಿದ್ದರೆ ನಮಗೆ ದಕ್ಕಿದ್ದು ನೂರಕ್ಕೆ ಎರಡು ಮಾತ್ರ. ಎರಡನೆಯ ಭ್ರಮೆ ಇದಕ್ಕಿಂತ ಸೂಕ್ಷ್ಮವಾದದ್ದು. 200 ರೂಪಾಯಿಯ ಷೇರು 10 ರೂಪಾಯಿ ಡಿವಿಡೆಂಡ್ ಕೊಟ್ಟರೆ ಪ್ರತಿಫಲ ನೂರಕ್ಕೆ ಐದು. ಕಂಪೆನಿಯ ಸ್ಥಿತಿ ಕೆಟ್ಟು ಷೇರಿನ ಬೆಲೆ 100 ರೂಪಾಯಿಗೆ ಇಳಿದರೆ, ಹಿಂದಿನ ಡಿವಿಡೆಂಡಿನ ಲೆಕ್ಕದಲ್ಲಿ ಪ್ರತಿಫಲ ನೂರಕ್ಕೆ ಹತ್ತು ಎಂದು ಕಾಣಿಸುತ್ತದೆ. ಅಂದರೆ ಕಂಪೆನಿ ಕಾಯಿಲೆ ಬಿದ್ದಷ್ಟೂ ಅದರ ಮುಖದ ಮೇಲೆ ಕಳೆ ಏರಿದಂತೆ ತೋರುತ್ತದೆ. ಮುಂದಿನ ವರ್ಷ ಡಿವಿಡೆಂಡನ್ನೇ ನಿಲ್ಲಿಸಿದಾಗ ಸತ್ಯ ತಿಳಿಯುತ್ತದೆ. ಅಷ್ಟರಲ್ಲಿ ಮೊಗಸಾಲೆಯಲ್ಲಿ ಕೇಳಿದ ಮಾತನ್ನು ನಂಬಿ ಕೊಂಡವರ ಅಸಲಿಗೇ ಪೆಟ್ಟು ಬಿದ್ದಿರುತ್ತದೆ.

ಮೂರನೆಯದು, ಡಿವಿಡೆಂಡ್ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ. ಆ ವರ್ಷದ ವ್ಯವಹಾರದಿಂದ ಕೈಗೆ ಬಂದ ನಗದಿನಿಂದಲೇ? ಹಿಂದಿನವರು ಕೂಡಿಟ್ಟ ಮೀಸಲು ನಿಧಿಯಿಂದಲೇ? ಅಥವಾ ಸಾಲ ತಂದು ಹಂಚುತ್ತಿದ್ದಾರೆಯೆ? 2013ರ ಕಂಪೆನಿ ಕಾಯಿದೆಯ 123ನೆಯ ಕಲಮು ಡಿವಿಡೆಂಡನ್ನು ಲಾಭದಿಂದಲೇ ಕೊಡಬೇಕೆಂದು ವಿಧಿಸುತ್ತದೆ. ಮೀಸಲಿಗೆ ಕೈ ಹಾಕುವುದಕ್ಕೆ ಕಟ್ಟುಪಾಡುಗಳಿವೆ. ಆದರೆ ಕಾಗದದ ಲಾಭಕ್ಕೂ ಪೆಟ್ಟಿಗೆಯ ನಗದಿಗೂ ಇರುವ ಅಂತರವನ್ನು ಕಾಯಿದೆಯೊಂದೇ ನಮಗೆ ಬಿಡಿಸಿ ಹೇಳಲಾರದು. ಆ ಅಂತರ ಕಾಣುವುದು ವಾರ್ಷಿಕ ವರದಿಯ ಹಿಂಬದಿಯ ಪುಟಗಳಲ್ಲಿ. ಅಲ್ಲಿಯವರೆಗೆ ಓದುವ ತಾಳ್ಮೆ ಒಬ್ಬನಿಗೆ ಇರುವುದಿಲ್ಲ. ನಾಲ್ವರು ಕೂಡಿ ಓದಿದರೆ, ಆ ನಾಲ್ವರಲ್ಲಿ ಒಬ್ಬ ‘ನನಗೆ ಇದು ಒಪ್ಪಿಗೆಯಾಗಲಿಲ್ಲ’ ಎಂದರೆ, ಆಗ ಆ ಪುಟಗಳು ಮಾತನಾಡತೊಡಗುತ್ತವೆ.

ಪ್ರಶ್ನೆಗೆ ಎಡೆಯಿಲ್ಲದ ಕಡೆ ಡಿವಿಡೆಂಡ್ ಹೇಗೆ ಮಂಪರು ತರಿಸುತ್ತದೆ ಎಂಬುದಕ್ಕೆ ಮುಂಬಯಿಯಲ್ಲೇ ನಡೆದ ಒಂದು ದೊಡ್ಡ ನಿದರ್ಶನವಿದೆ. ನಮ್ಮಲ್ಲಿ ಅನೇಕರಿಗೆ ಅದು ಓದಿ ತಿಳಿದ ವಿಷಯವಲ್ಲ. ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ಆರಂಭಿಸಿದ ‘ಯೂನಿಟ್ ಸ್ಕೀಮ್ 64’ ಮಧ್ಯಮ ವರ್ಗದ ಪಾಲಿಗೆ ಕಾಮಧೇನುವೆನಿಸಿತ್ತು. ಸರ್ಕಾರದ ಸಂಸ್ಥೆ, 10 ರೂಪಾಯಿಯ ಯೂನಿಟ್, ವರ್ಷಕ್ಕೊಮ್ಮೆ ಡಿವಿಡೆಂಡ್. ಜುಲೈ ತಿಂಗಳು ಬಂತೆಂದರೆ ಯೂನಿಟ್ ಕೊಳ್ಳಲು ಸಾಲು. ಮಗಳ ಮದುವೆಗೆಂದು, ನಿವೃತ್ತಿಯ ಬದುಕಿಗೆಂದು, ವಿಧವೆ ಅಕ್ಕನ ಹೆಸರಿಗೆಂದು ಯೂನಿಟ್ ಕೊಂಡವರು ಉಪನಗರಗಳ ಪ್ರತಿಯೊಂದು ಕಟ್ಟಡದಲ್ಲೂ ಇದ್ದರು.

ಅದರ ಒಳಗಿನ ವ್ಯವಸ್ಥೆ ಹೇಗಿತ್ತು? ಯೂನಿಟ್ಟನ್ನು ಮಾರುವ ಬೆಲೆ, ಮರಳಿ ಕೊಳ್ಳುವ ಬೆಲೆ ಎರಡನ್ನೂ ಸಂಸ್ಥೆಯೇ ನಿರ್ಧರಿಸುತ್ತಿತ್ತು. ಯೂನಿಟ್ಟಿನ ಹಿಂದಿರುವ ಆಸ್ತಿಯ ನಿಜವಾದ ಬೆಲೆ ಎಷ್ಟು ಎಂಬುದನ್ನು ಕೊಂಡವರಿಗೆ ತಿಳಿಸುವ ಪದ್ಧತಿ ಇರಲಿಲ್ಲ. ನೆಮ್ಮದಿಯ ವರಮಾನದ ಯೋಜನೆಯೆಂದು ಜನ ನಂಬಿದ್ದ ಅದು ಕಾಲಕ್ರಮದಲ್ಲಿ ಹೆಚ್ಚು ಹೆಚ್ಚಾಗಿ ಷೇರುಪೇಟೆಯನ್ನು ಅವಲಂಬಿಸಿತು. 1998ರಲ್ಲಿ ಅದರ ಮೀಸಲು ನಿಧಿ ಬತ್ತಿ, ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಕೊರತೆಯಿದೆ ಎಂಬುದು ಬಯಲಾಯಿತು. ದೀಪಕ್ ಪಾರೇಖ್ ಅವರ ನೇತೃತ್ವದ ಸಮಿತಿ ಸುಧಾರಣೆಗಳನ್ನು ಸೂಚಿಸಿತು. ಸರ್ಕಾರ ನೆರವಿಗೆ ಬಂತು. ಡಿವಿಡೆಂಡ್ ಮಾತ್ರ ನಿಲ್ಲಲಿಲ್ಲ; ಡಿವಿಡೆಂಡ್ ನಿಲ್ಲದಿದ್ದುದರಿಂದ ಜನರ ನಂಬಿಕೆಯೂ ನಿಲ್ಲಲಿಲ್ಲ. 2001ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದೊಡ್ಡ ಸಂಸ್ಥೆಗಳು ಸಾವಿರಾರು ಕೋಟಿ ರೂಪಾಯಿಗಳನ್ನು ಹಿಂತೆಗೆದುಕೊಂಡು ಹೊರನಡೆದವು. 2001ರ ಜುಲೈ ಮೊದಲ ವಾರದಲ್ಲಿ ಯೂನಿಟ್ಟುಗಳ ಮಾರಾಟ ಮತ್ತು ಮರುಖರೀದಿಯನ್ನು ಆರು ತಿಂಗಳ ಕಾಲ ತಡೆಹಿಡಿಯಲಾಯಿತು. ಬಾಗಿಲು ಮುಚ್ಚಿದಾಗ ಒಳಗೆ ಉಳಿದವರು ಚಿಕ್ಕ ಉಳಿತಾಯಗಾರರು. ಬಳಿಕ ಸಣ್ಣ ಹಿಡುವಳಿಗಳಿಗೆ ಸರ್ಕಾರದ ಬೆಂಬಲದ ಮರುಖರೀದಿ ಬಂತು; 2002ರಲ್ಲಿ ಸಂಸ್ಥೆಯ ಕಾಯಿದೆಯನ್ನೇ ರದ್ದುಪಡಿಸಲಾಯಿತು; 2003ರಲ್ಲಿ ಸಂಸ್ಥೆ ಎರಡಾಗಿ ಒಡೆದು, ಯೂನಿಟ್ಟುಗಳಿಗೆ ಪ್ರತಿಯಾಗಿ 6.75 ಶೇಕಡಾ ಬಡ್ಡಿಯ ತೆರಿಗೆರಹಿತ ಬಾಂಡುಗಳು ಬಂದವು. ಕೊನೆಗೆ ಭಾರ ಹೊತ್ತದ್ದು ಬೊಕ್ಕಸ, ಅಂದರೆ ಯೂನಿಟ್ ಕೊಳ್ಳದವರನ್ನೂ ಒಳಗೊಂಡ ಜನತೆ.

ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕಾಡುವುದು ನಷ್ಟದ ಮೊತ್ತವಲ್ಲ. ಕಂಪೆನಿಯ ಷೇರುದಾರನಿಗೆ ವರ್ಷಕ್ಕೊಮ್ಮೆ ಮಹಾಸಭೆಯಾದರೂ ಇದೆ. ಹತ್ತು ಷೇರು ಇರುವವನೂ ಎದ್ದು ನಿಂತು ಅಧ್ಯಕ್ಷರನ್ನು ಕೇಳಬಹುದು. ಯೂನಿಟ್ಟುದಾರರಿಗೆ ಅಂಥ ಸಭೆ ಇರಲಿಲ್ಲ. ಕೋಟಿಗಟ್ಟಲೆ ಜನ ಒಂದೇ ದೋಣಿಯಲ್ಲಿದ್ದರು. ಆದರೆ ಒಬ್ಬರ ಮುಖ ಒಬ್ಬರು ನೋಡುವ, ‘ದೋಣಿಯ ತಳದಲ್ಲಿ ನೀರು ಕಾಣುತ್ತಿದೆಯಲ್ಲ’ ಎಂದು ಕೇಳುವ ಸ್ಥಳವೊಂದು ಇರಲಿಲ್ಲ. ಒಳಗಿನ ಸಂಗತಿ ತಿಳಿಯಬಲ್ಲ ದೊಡ್ಡವರು ಸದ್ದಿಲ್ಲದೆ ಇಳಿದುಹೋದರು.

ಹಾಗಾದರೆ ಮಹಾಸಭೆ ಇರುವಲ್ಲಿ ನಾವು ಏನು ಮಾಡಿದ್ದೇವೆ? ಮುಂಬಯಿ ಕಂಪೆನಿ ಮಹಾಸಭೆಗಳ ರಾಜಧಾನಿ. ರಿಲಯನ್ಸ್ ಕಂಪೆನಿಯು 1980ರ ದಶಕದಲ್ಲಿ ಕೂಪರೇಜ್ ಮೈದಾನದಲ್ಲಿ, ಕ್ರಾಸ್ ಮೈದಾನದಲ್ಲಿ ಸಹಸ್ರಾರು ಷೇರುದಾರರನ್ನು ಕೂಡಿಸಿ ನಡೆಸಿದ ಸಭೆಗಳು ಜಾತ್ರೆಗಳಂತಿದ್ದವು. ಮರೀನ್ ಲೈನ್ಸಿನ ಬಿರ್ಲಾ ಮಾತುಶ್ರೀ ಸಭಾಗೃಹದಲ್ಲಿ ನಡೆಯುತ್ತಿದ್ದ ಮಹಾಸಭೆಗಳಿಗೆ ಹೋದವರು ನಮ್ಮಲ್ಲಿದ್ದಾರೆ. ಮಾತಿಗೆ ಎದ್ದವರಲ್ಲಿ ಬಹುಮಂದಿ ಅಧ್ಯಕ್ಷರ ದೂರದೃಷ್ಟಿಯನ್ನು ಕೊಂಡಾಡುತ್ತಾರೆ. ಡಿವಿಡೆಂಡ್ ಇನ್ನೊಂದಿಷ್ಟು ಹೆಚ್ಚಿಸಬಾರದಿತ್ತೆ ಎನ್ನುತ್ತಾರೆ. ಬೋನಸ್ ಷೇರು ಯಾವಾಗ ಎನ್ನುತ್ತಾರೆ. ಕಾರ್ಖಾನೆ ನೋಡಲು ಕರೆದೊಯ್ಯಿರಿ ಎನ್ನುತ್ತಾರೆ. ತಿಂಡಿಯ ಪೊಟ್ಟಣದ ಗುಣಮಟ್ಟವೂ ಪ್ರಸ್ತಾಪಕ್ಕೆ ಬರುತ್ತದೆ. ಲೆಕ್ಕಪರಿಶೋಧಕರ ಟಿಪ್ಪಣಿಯ ಬಗ್ಗೆ ಕೇಳುವವರು ವಿರಳ. ಇಲ್ಲಿ ಒಂದು ಕಾನೂನಿನ ಅಂಶವನ್ನು ಗಮನಿಸಬೇಕು. ಸಾಮಾನ್ಯವಾಗಿ ನಿರ್ದೇಶಕ ಮಂಡಳಿ ಶಿಫಾರಸು ಮಾಡಿದ್ದಕ್ಕಿಂತ ಹೆಚ್ಚಿನ ಡಿವಿಡೆಂಡನ್ನು ಮಹಾಸಭೆ ಘೋಷಿಸುವಂತಿಲ್ಲ. ಆದ್ದರಿಂದ ‘ಇನ್ನಷ್ಟು ಕೊಡಿ’ ಎಂಬ ಬೇಡಿಕೆಗೆ ಆ ಸಭೆಯಲ್ಲಿ ಬಲವಿಲ್ಲ. ‘ಇದನ್ನು ಎಲ್ಲಿಂದ ತಂದಿರಿ’ ಎಂಬ ಪ್ರಶ್ನೆಗೆ ಬಲವಿದೆ. ಇನ್ನೊಂದು ಅಂಶ: ನಮ್ಮ ಪರವಾಗಿ ಪ್ರತಿನಿಧಿಯನ್ನು ಕಳಿಸಿದರೆ ಅವನು ಮತ ಹಾಕಬಹುದು, ಮಾತನಾಡುವ ಹಕ್ಕು ಅವನಿಗಿಲ್ಲ. ನಾಲಗೆಯನ್ನು ಬದಲಿಯವರಿಗೆ ಕೊಟ್ಟು ಕಳಿಸಲು ಕಾಯಿದೆ ಒಪ್ಪುವುದಿಲ್ಲ. 2020ರ ಸಾಂಕ್ರಾಮಿಕದ ನಂತರ ಮಹಾಸಭೆಗಳು ದೃಶ್ಯ ಮಾಧ್ಯಮದ ಮೂಲಕವೂ ನಡೆಯುತ್ತಿವೆ. ಊರಲ್ಲಿ ಕುಳಿತವರಿಗೂ ಇದರಿಂದ ಪ್ರವೇಶ ದೊರಕಿತು ನಿಜ. ಆದರೆ ಮಾತನಾಡಲು ಮೊದಲೇ ಹೆಸರು ನೋಂದಾಯಿಸಬೇಕು; ಪಕ್ಕದವನ ಪ್ರಶ್ನೆ ಕೇಳಿ ನಮ್ಮಲ್ಲೊಂದು ಪ್ರಶ್ನೆ ಹುಟ್ಟಿದರೆ ಅದಕ್ಕೆ ಎಡೆ ಕಡಿಮೆ.

ಒಂದು ಪ್ರಶ್ನೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಎರಡು ಉದಾಹರಣೆಗಳು ತೋರಿಸುತ್ತವೆ. 1992ರಲ್ಲಿ ಹರ್ಷದ್ ಮೆಹತಾನ ಹೆಸರು ಮುಂಬಯಿಯ ಬೀದಿಬೀದಿಗಳಲ್ಲಿ ಜಯಘೋಷವಾಗಿತ್ತು. ಸಿಮೆಂಟ್ ಕಂಪೆನಿಯೊಂದರ ಷೇರು ಇನ್ನೂರು ರೂಪಾಯಿಯ ಆಸುಪಾಸಿನಿಂದ ಒಂಬತ್ತು ಸಾವಿರದ ಹತ್ತಿರಕ್ಕೆ ಏರಿದಾಗ, ಲೋಕಲ್ ಗಾಡಿಯ ಡಬ್ಬಿಗಳಲ್ಲಿ ‘ಯಾಕೆ’ ಎಂದು ಕೇಳಿದವನನ್ನು ಅರಸಿಕನೆಂದು ಬಗೆಯುತ್ತಿದ್ದ ಕಾಲವದು. ಆ ‘ಯಾಕೆ’ಯನ್ನು ಬೆನ್ನಟ್ಟಿದವರು ಪತ್ರಕರ್ತೆ ಸುಚೇತಾ ದಲಾಲ್. ಅವರು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರೆಂಬುದು ನಮಗೆ ಸಂತೋಷದ ಸಂಗತಿ. ಏಪ್ರಿಲ್ 1992ರಲ್ಲಿ ಅವರ ವರದಿ ಪ್ರಕಟವಾದಾಗ ಬ್ಯಾಂಕುಗಳ ಹಣ ಷೇರುಪೇಟೆಗೆ ಹರಿದ ಬಗೆ ಬೆಳಕಿಗೆ ಬಂತು. ಎರಡನೆಯದು ಹೈದರಾಬಾದಿನ ಸತ್ಯಂ ಕಂಪೆನಿಯದು. ಅದೂ ಡಿವಿಡೆಂಡ್ ಕೊಡುತ್ತಿದ್ದ ಕಂಪೆನಿಯೇ. 2008ರ ಡಿಸೆಂಬರ್ 16ರಂದು ಪ್ರವರ್ತಕರ ಕುಟುಂಬಕ್ಕೆ ಸೇರಿದ ಮೇತಾಸ್ ಸಂಸ್ಥೆಗಳನ್ನು ಕೊಳ್ಳುವುದಾಗಿ ಅದು ಪ್ರಕಟಿಸಿತು. ಹೂಡಿಕೆದಾರರು ಒಪ್ಪದೆ ದನಿಯೆತ್ತಿದರು. ಕೆಲವೇ ಗಂಟೆಗಳಲ್ಲಿ ಆ ನಿರ್ಧಾರವನ್ನು ಕೈಬಿಡಬೇಕಾಯಿತು. ಲೆಕ್ಕದಲ್ಲಿದ್ದ, ಪೆಟ್ಟಿಗೆಯಲ್ಲಿಲ್ಲದ ಹಣವನ್ನು ಮುಚ್ಚಿಕೊಳ್ಳಲು ಉಳಿದಿದ್ದ ಕೊನೆಯ ದಾರಿ ಅದಾಗಿತ್ತು. ಮೂರು ವಾರಗಳ ಬಳಿಕ, 2009ರ ಜನವರಿ 7ರಂದು, ರಾಮಲಿಂಗ ರಾಜು ತಮ್ಮ ಕೃತ್ಯವನ್ನು ಬರೆದು ಒಪ್ಪಿಕೊಂಡರು. ಹೂಡಿಕೆದಾರರು ಅಂದು ಎಂದಿನಂತೆ ತಲೆಯಾಡಿಸಿದ್ದರೆ ಆ ಸುಳ್ಳು ಇನ್ನೂ ಎಷ್ಟು ವರ್ಷ ಬಾಳುತ್ತಿತ್ತೋ!

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕಾಗಿದೆ. ಪ್ರಶ್ನೆ ಕೇಳುತ್ತ ಹೋದರೆ ಸಂಸ್ಥೆಗಳು ಉಳಿಯುತ್ತವೆಯೆ? ಬ್ಯಾಂಕು ನಿಂತಿರುವುದು ನಂಬಿಕೆಯ ಮೇಲೆ. ಒಂದು ಗಾಳಿಮಾತು ಸಾಕು, ಒಳ್ಳೆಯ ಬ್ಯಾಂಕಿನ ಮುಂದೆಯೂ ಹಣ ತೆಗೆಯುವವರ ಸಾಲು ನಿಲ್ಲುತ್ತದೆ. ಈ ಆಕ್ಷೇಪ ಹುರುಳುಳ್ಳದ್ದು. ಆದ್ದರಿಂದಲೇ ಪ್ರಶ್ನೆಗೂ ಗಾಳಿಮಾತಿಗೂ ಇರುವ ಭೇದವನ್ನು ನಾವು ಅರಿಯಬೇಕು. ಗಾಳಿಮಾತಿಗೆ ಆಡಿದವನ ಹೆಸರಿಲ್ಲ, ಆಧಾರವಿಲ್ಲ. ಅದು ಉತ್ತರ ಹೇಳಬೇಕಾದವನನ್ನು ಬಿಟ್ಟು ಉಳಿದೆಲ್ಲರ ಕಿವಿಗೂ ಬೀಳುತ್ತದೆ. ಪ್ರಶ್ನೆಗೆ ಕೇಳಿದವನ ಹೆಸರಿದೆ, ಕೈಯಲ್ಲಿ ವಾರ್ಷಿಕ ವರದಿಯಿದೆ, ಅದು ಉತ್ತರದಾಯಿಯ ಎದುರಿಗೇ ನಿಲ್ಲುತ್ತದೆ. ಸಭೆಯಲ್ಲಿ ಪ್ರಶ್ನೆಯನ್ನು ಅದುಮಿದರೆ ಅದು ಸಾಯುವುದಿಲ್ಲ. ಹೊರಗೆ ಹೋಗಿ ಗಾಳಿಮಾತಾಗಿ ಹಿಂತಿರುಗುತ್ತದೆ.

ಎರಡನೆಯ ಆಕ್ಷೇಪವೂ ಇದೆ. ಎಲ್ಲ ವಂಚನೆಗಳನ್ನೂ ಸದಸ್ಯರ ಪ್ರಶ್ನೆ ಹೊರಗೆಳೆದೀತೆ? ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಖಾತೆದಾರರು ಮೊದಲಿಗೆ ಆರು ತಿಂಗಳಲ್ಲಿ ತೆಗೆಯಬಹುದಾದ ಮೊತ್ತ ಕೇವಲ 1000 ರೂಪಾಯಿ. ಒಂದೇ ಗೃಹನಿರ್ಮಾಣ ಸಮೂಹಕ್ಕೆ ಕೊಟ್ಟ ಭಾರಿ ಸಾಲವನ್ನು ಸಾವಿರಾರು ನಕಲಿ ಖಾತೆಗಳ ಹಿಂದೆ ಮರೆಮಾಚಿದ ಆ ಕೈಚಳಕ ತಪಾಸಣೆಗಾರರ ಕಣ್ಣಿಗೇ ಬಿದ್ದಿರಲಿಲ್ಲ. ಸಾಮಾನ್ಯ ಸದಸ್ಯ ಹೇಗೆ ಕಂಡಾನು? 2025ರ ಫೆಬ್ರವರಿಯಲ್ಲಿ ಇದೇ ಮುಂಬಯಿಯ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕು ನಿರ್ಬಂಧಕ್ಕೊಳಗಾಯಿತು. ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ಕಾರ್ಮಿಕರಿಗಾಗಿ ಕಟ್ಟಿದ ಸಂಸ್ಥೆಯ ಮುಂದುವರಿಕೆ ಅದು. 122 ಕೋಟಿ ರೂಪಾಯಿ ಕಾಣೆಯಾದ ಆರೋಪ ಕೇಳಿಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ಸ್ಥಾಪಕರ ಕೀರ್ತಿ ಎಷ್ಟೇ ದೊಡ್ಡದಿರಲಿ, ಅದು ತಿಜೋರಿಯನ್ನು ಕಾಯಲಾರದು.

ಆದರೂ ಚರ್ಚೆಯಿಂದ ಒಂದು ಉಪಕಾರ ಖಂಡಿತ ಆಗುತ್ತದೆ. ಅನುಮಾನಕ್ಕೆ ಜಾಗವಿರುವ ಕಡೆ ಯಾರೂ ಇಡೀ ಗಂಟನ್ನು ಒಂದೇ ಕಡೆ ಇಡುವುದಿಲ್ಲ. ಠೇವಣಿಗೆ ಇರುವ ವಿಮೆ 2020ರ ಫೆಬ್ರವರಿಯವರೆಗೆ 1 ಲಕ್ಷ ರೂಪಾಯಿಗೆ ಸೀಮಿತವಾಗಿತ್ತು; ಆ ಬಳಿಕ 5 ಲಕ್ಷವಾಯಿತು. ಸಹಕಾರಿ ಬ್ಯಾಂಕಿನ ಷೇರಿಗೆ ಆ ವಿಮೆ ಅನ್ವಯಿಸುವುದಿಲ್ಲ. ‘ನಮ್ಮ ಬ್ಯಾಂಕು’ ಎಂಬ ಅಭಿಮಾನದಲ್ಲಿ ಹೆಚ್ಚಿನ ಡಿವಿಡೆಂಡಿನ ಆಸೆಗೆ ಷೇರು ಕೊಂಡವರಲ್ಲಿ ಎಷ್ಟು ಮಂದಿಗೆ ಈ ವ್ಯತ್ಯಾಸ ಗೊತ್ತು? ಇದನ್ನು ಹೇಳಿಕೊಡಲು ಪಂಡಿತರು ಬೇಕಿಲ್ಲ. ಚಹದ ಗುಂಪಿನಲ್ಲಿ ಒಪ್ಪದವನೊಬ್ಬನಿದ್ದರೆ ಸಾಕು.

ಸಹಕಾರಿ ಬ್ಯಾಂಕಿನಲ್ಲಿ ಇನ್ನೊಂದು ವಿಶೇಷವಿದೆ. ಕಂಪೆನಿಯಲ್ಲಿ ಷೇರಿಗೆ ಒಂದು ಮತ. ಸಹಕಾರದಲ್ಲಿ ಮನುಷ್ಯನಿಗೆ ಒಂದು ಮತ. ಲಕ್ಷಾಧಿಪತಿಯ ಕೈಯೂ ಹೋಟೆಲು ಕಾರ್ಮಿಕನ ಕೈಯೂ ಅಲ್ಲಿ ಸಮ. ಈ ಸಮಾನತೆಯನ್ನು ನಾವು ಕೈ ಎತ್ತಿ ‘ಅನುಮೋದಿಸಿದೆ’ ಎನ್ನುವುದಕ್ಕಷ್ಟೆ ಬಳಸಿದರೆ ತಲ್ಮಕಿಯವರಂಥ ಹಿರಿಯರು ನಮಗೆ ಬಿಟ್ಟುಹೋದ ಆಸ್ತಿಯಲ್ಲಿ ಅರ್ಧವನ್ನು ಪೋಲು ಮಾಡಿದಂತೆಯೆ.

ನಮ್ಮ ಬ್ಯಾಂಕುಗಳ ವಿಲೀನದ ಸಂದರ್ಭವನ್ನು ನೆನೆಯಿರಿ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. ನಮ್ಮ ಸಭೆಗಳಲ್ಲಿ ಅಂದು ನೋವಿನ ಮಾತುಗಳು ಸಾಕಷ್ಟು ಬಂದವು. ಹೆಸರು ಹೋಯಿತು, ಊರಿನ ಗುರುತು ಹೋಯಿತು ಎಂದು. ಆ ನೋವು ನ್ಯಾಯವಾದದ್ದು. ಆದರೆ ವಿಜಯಾ ಬ್ಯಾಂಕಿನ 1000 ಷೇರುಗಳಿಗೆ ಬರೋಡಾದ 402, ಸಿಂಡಿಕೇಟಿನ 1000ಕ್ಕೆ ಕೆನರಾದ 158, ಕಾರ್ಪೊರೇಷನ್ನಿನ 1000ಕ್ಕೆ ಯೂನಿಯನ್ನಿನ 330 ಎಂಬ ಲೆಕ್ಕ ಯಾವ ಆಧಾರದ ಮೇಲೆ ಬಂತೆಂಬುದನ್ನು ಕುಳಿತು ಚರ್ಚಿಸಿದ ಸಭೆ ನನ್ನ ಗಮನಕ್ಕೆ ಬಂದಿಲ್ಲ. ರಾಷ್ಟ್ರೀಕೃತ ಬ್ಯಾಂಕುಗಳ ವಿಲೀನ ಸರ್ಕಾರದ ಯೋಜನೆಯಂತೆ ನಡೆಯಿತು, ಷೇರುದಾರರ ಮತದಿಂದಲ್ಲ. ಆದರೂ ಅಂಕಿಗಳನ್ನು ಮುಂದಿಟ್ಟು ನಾವು ಒಂದು ಒಗ್ಗಟ್ಟಿನ ಪ್ರಶ್ನೆ ಕೇಳಿದ್ದರೆ ನಮ್ಮ ಕಣ್ಣೀರಿಗೆ ತೂಕ ಬರುತ್ತಿತ್ತು.

ಪ್ರಶ್ನಿಸುವುದು, ವಾದಿಸುವುದು ಪಶ್ಚಿಮದಿಂದ ಬಂದ ಸರಕಲ್ಲ. ನ್ಯಾಯಶಾಸ್ತ್ರ ಮಾತಿನ ಸೆಣಸಾಟವನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸಿತು. ಸತ್ಯ ತಿಳಿಯಲೆಂದು ನಡೆಸುವುದು ವಾದ; ಗೆಲ್ಲಲೆಂದು ನಡೆಸುವುದು ಜಲ್ಪ; ತನ್ನದೇನೂ ಪಕ್ಷವಿಲ್ಲದೆ ಎದುರಾಳಿಯನ್ನು ಕೆಡವಲೆಂದೇ ನಡೆಸುವುದು ವಿತಂಡ. ಹಣದ ಮಾತಿಗೆ ಈ ವಿಂಗಡಣೆ ಬಹಳ ಚೆನ್ನಾಗಿ ಒಪ್ಪುತ್ತದೆ. ತಾನು ಕೊಂಡ ಷೇರನ್ನು ಸಮರ್ಥಿಸುವುದಕ್ಕೇ ಮಾತನಾಡುವವನದು ಜಲ್ಪ. ಎಲ್ಲ ಕಂಪೆನಿಗಳೂ ಕಳ್ಳರ ಗುಂಪು, ಎಲ್ಲ ಬ್ಯಾಂಕುಗಳೂ ಮುಳುಗುವವೇ ಎನ್ನುವವನದು ವಿತಂಡ. ಮಹಾಸಭೆಯಲ್ಲಿ ಅಬ್ಬರಿಸಿ, ಹೊರಗೆ ಬಂದು ತನ್ನ ಅನುಕೂಲ ನೋಡಿಕೊಳ್ಳುವವನೂ ವಿತಂಡವಾದಿಯೆ. ನಮಗೆ ಬೇಕಾದದ್ದು ವಾದ. ಎದುರಾಳಿಯ ಮಾತನ್ನು ಅವನೇ ಹೇಳಬಹುದಾದಷ್ಟು ಸಮರ್ಥವಾಗಿ ಮೊದಲು ನಿರೂಪಿಸಿ, ಆಮೇಲೆ ತನ್ನ ಮಾತು ಹೇಳುವ ಪೂರ್ವಪಕ್ಷದ ಶಿಸ್ತು ಅದರ ಜೀವಾಳ.

ಇದನ್ನು ಇನ್ನೂ ಹತ್ತಿರದ ನಿದರ್ಶನದಿಂದ ಹೇಳಬೇಕೆಂದರೆ ನಮ್ಮ ತಾಳಮದ್ದಲೆ ಇದೆಯಲ್ಲ! ವೇಷವಿಲ್ಲ, ಕುಣಿತವಿಲ್ಲ; ಎದುರುಬದುರು ಕುಳಿತ ಅರ್ಥಧಾರಿಗಳು, ಭಾಗವತರ ಪದ್ಯ, ಆಮೇಲೆ ಮಾತು. ವಾಲಿ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕುಳಿತಾಗ ಜನ ಬೆಳಗಿನವರೆಗೆ ಕೇಳುತ್ತಿದ್ದುದೇಕೆ? ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂಬ ಪ್ರಶ್ನೆ ರಾಮನಂಥ ರಾಮನ ಎದುರಿಗೂ ಏಳಬಹುದು ಎಂಬುದಕ್ಕಾಗಿ. ವಾಲಿ ಪ್ರಬಲನಾದಷ್ಟೂ ರಾಮನ ಉತ್ತರ ಪಕ್ವವಾಗುತ್ತದೆ; ಎದುರು ಅರ್ಥಧಾರಿ ದುರ್ಬಲನಾದರೆ ಕೂಟವೇ ಕಳೆಗುಂದುತ್ತದೆ. ಕರಾವಳಿಯಿಂದ ಬಂದ ಹೋಟೆಲು ಕಾರ್ಮಿಕನೂ ಬ್ಯಾಂಕಿನ ಗುಮಾಸ್ತನೂ ಒಂದೇ ಜಮಖಾನದ ಮೇಲೆ ಕುಳಿತು ಈ ಕಲೆಯನ್ನು ಸವಿದಿದ್ದಾರೆ. ರಾಮನನ್ನು ಪ್ರಶ್ನಿಸುವ ವಾಲಿಗೆ ತಲೆದೂಗಿದ ನಾವು, ಕಂಪೆನಿಯ ಅಧ್ಯಕ್ಷನನ್ನು ಪ್ರಶ್ನಿಸುವವನನ್ನು ಕಂಡು ಮುಖ ಸಿಂಡರಿಸುವುದು ವಿಚಿತ್ರವಲ್ಲವೆ?

ಕೊನೆಯದಾಗಿ ಒಂದು ಸೂಚನೆಯನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಸಂಘಗಳು ವರ್ಷದಲ್ಲಿ ಎರಡು ಬಾರಿಯಾದರೂ ಲೆಕ್ಕಪತ್ರ ಓದುವ ಕೂಟವನ್ನು ಏರ್ಪಡಿಸಬೇಕು. ನಮ್ಮವರು ಹೆಚ್ಚಾಗಿ ಹಣ ಹೂಡಿರುವ ಒಂದು ಕಂಪೆನಿಯ ಅಥವಾ ಬ್ಯಾಂಕಿನ ವಾರ್ಷಿಕ ವರದಿಯನ್ನು ಎತ್ತಿಕೊಳ್ಳೋಣ. ಒಬ್ಬರು ಅದರ ಪರವಾಗಿ, ಇನ್ನೊಬ್ಬರು ವಿರುದ್ಧವಾಗಿ ಅರ್ಥ ಹೇಳಲಿ. ಮಾತನಾಡುವವರು ತಮ್ಮಲ್ಲಿ ಆ ಷೇರು ಇದೆಯೇ ಇಲ್ಲವೇ ಎಂಬುದನ್ನು ಮೊದಲೇ ತಿಳಿಸಲಿ. ಲಾಭದಲ್ಲಿ ಎಷ್ಟು ಪಾಲು ಹಂಚಿದರು, ಸಾಲ ಏರಿತೇ ಇಳಿಯಿತೇ, ಲೆಕ್ಕಪರಿಶೋಧಕರು ಯಾವ ಮಾತನ್ನು ಮೆಲ್ಲನೆ ಹೇಳಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಕೂಟ ಏಳಬಾರದು. ದೊಡ್ಡ ಕಂಪೆನಿಗಳು ತಮ್ಮ ಡಿವಿಡೆಂಡ್ ನೀತಿಯನ್ನು ಪ್ರಕಟಿಸಬೇಕೆಂದು ಸೆಬಿ 2016ರಲ್ಲಿ ವಿಧಿಸಿತು. ಮೊದಲು 500 ಕಂಪೆನಿಗಳಿಗೆ, 2021ರಿಂದ 1000 ಕಂಪೆನಿಗಳಿಗೆ. ಆ ಕಾಗದ ನಮ್ಮ ಕೈಗೆಟಕುವಂತಿದೆ. ಅದನ್ನು ಓದಿ, ಕಂಪೆನಿ ತಾನು ಹೇಳಿದಂತೆ ನಡೆದುಕೊಂಡಿದೆಯೇ ಎಂದು ತಾಳೆ ನೋಡೋಣ. ಅಂದಿನ ಪ್ರಶ್ನೆಗಳನ್ನು ಒಬ್ಬರು ಬರೆದುಕೊಂಡು ಮಹಾಸಭೆಗೆ ಒಯ್ಯಲಿ. ಏಳು ವರ್ಷ ಯಾರೂ ಕೇಳದೆ ಉಳಿದ ಡಿವಿಡೆಂಡ್ ಸರ್ಕಾರದ ಹೂಡಿಕೆದಾರರ ನಿಧಿಗೆ ಸೇರುತ್ತದೆ. ತೀರಿಹೋದ ಹಿರಿಯರ ಹಳೆಯ ಷೇರು ಪತ್ರಗಳು ಎಷ್ಟು ಮನೆಗಳ ಕಪಾಟಿನಲ್ಲಿವೆಯೋ, ಅದನ್ನೂ ಇಂಥ ಕೂಟದಲ್ಲಿ ವಿಚಾರಿಸಬಹುದು.

ಈ ಅಭ್ಯಾಸವನ್ನು ಹೊರಗಿನ ಕಂಪೆನಿಯಿಂದ ಆರಂಭಿಸುವುದಕ್ಕಿಂತ ನಮ್ಮ ಮನೆಯಿಂದಲೇ ಆರಂಭಿಸುವುದು ಲೇಸು. ನಮ್ಮ ಸಂಘಗಳ ವಾರ್ಷಿಕ ಮಹಾಸಭೆಗಳ ಕಾರ್ಯಸೂಚಿ ಪ್ರಾರ್ಥನೆ, ವರದಿ, ಲೆಕ್ಕಪತ್ರ, ಸರ್ವಾನುಮತದ ಅನುಮೋದನೆ, ಊಟ ಎಂಬ ಕ್ರಮದಲ್ಲಿ ಸಾಗುತ್ತದೆ. ಲೆಕ್ಕಪತ್ರಕ್ಕೂ ಅನುಮೋದನೆಗೂ ನಡುವೆ ಅರ್ಧ ಗಂಟೆಯ ಬಿಡುವು ದೊರೆಯಲಿ. ಅಷ್ಟರಲ್ಲಿ ಊಟ ಆರಿಹೋಗುವುದಿಲ್ಲ. ಕೋಶಾಧಿಕಾರಿಗಳನ್ನು ಪ್ರಶ್ನಿಸಿದ ಯುವಕನನ್ನು ‘ಯಾರ ಕಡೆಯವನು ಇವನು’ ಎಂದು ಕೇಳದೆ, ‘ನಿನ್ನ ಪ್ರಶ್ನೆ ಯಾವ ಪುಟದ್ದು ಮಗೂ’ ಎಂದು ಕೇಳುವ ಹಿರಿತನ ನಮಗೆ ಬರಲಿ. ಅಂಥ ಸಭೆಯಲ್ಲಿ ಪಳಗಿದವನು ನಾಳೆ ಬ್ಯಾಂಕಿನ ಮಹಾಸಭೆಯಲ್ಲಿ ನಿಂತಾಗ ಅವನ ದನಿ ನಡುಗದು.

 ನಾನು ಹೇಳಿದ್ದರಲ್ಲಿ ಒಪ್ಪಿಗೆಯಾಗದ ಮಾತುಗಳಿದ್ದರೆ ಅವನ್ನು ಮೊಗಸಾಲೆಗೆ ಒಯ್ಯಬೇಡಿ. ಇಲ್ಲಿಯೇ, ಈಗಲೇ ಕೇಳಬೇಕೆಂದು ಕೋರುತ್ತೇನೆ.